ಠೇವಣಿದಾರರ ಪರ ನಿಂತ ಕೃಷ್ಣಸ್ವಾಮಿ ಅಯ್ಯರ್

1906ರ ಅಕ್ಟೋಬರ್ 22. ಮದರಾಸಿನ ಹೆಸರಾಂತ ಬ್ರಿಟಿಷ್ ವಾಣಿಜ್ಯ ಸಂಸ್ಥೆ ಅರ್ಬತ್‌ನಾಟ್ ಅಂಡ್ ಕಂಪೆನಿ ದಿವಾಳಿಯೆದ್ದಿತು. ಸಾವಿರಾರು ಕುಟುಂಬಗಳು ನಂಬಿ ಇಟ್ಟಿದ್ದ ಉಳಿತಾಯ ಕೈಜಾರಿತು. ಆ ಸಂತ್ರಸ್ತರ ಪರ ನ್ಯಾಯಾಲಯದಲ್ಲಿ ವಾದಕ್ಕೆ ನಿಂತವರು ಮೈಲಾಪುರದ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್.

1863ರಲ್ಲಿ ತಂಜಾವೂರು ಜಿಲ್ಲೆಯಲ್ಲಿ ಜನಿಸಿದ ಅಯ್ಯರ್, ಮದರಾಸು ಉಚ್ಚ ನ್ಯಾಯಾಲಯದ ಅಗ್ರಗಣ್ಯ ವಕೀಲರಾಗಿ ಬೆಳೆದಿದ್ದರು. ಕಾಂಗ್ರೆಸ್ಸಿನ ಮಂದಗಾಮಿ ನಾಯಕರಾಗಿದ್ದ ಅವರು ಮೈಲಾಪುರದಲ್ಲಿ ಸಂಸ್ಕೃತ ಕಾಲೇಜನ್ನೂ ಸ್ಥಾಪಿಸಿದ್ದರು.

ಸಾಲಗಾರನ ಆಸ್ತಿಯನ್ನು ಠೇವಣಿದಾರರಿಗೆ ಹಂಚುವುದರೊಂದಿಗೆ ದಿವಾಳಿ ಪ್ರಕರಣ ಮುಗಿಯುವುದು ವಾಡಿಕೆ. ಇಲ್ಲಿ ಹಾಗಾಗಲಿಲ್ಲ. ಲಂಡನ್ನಿನ ಪಾಲುದಾರ ಮ್ಯಾಕ್‌ಫ್ಯಾಡಿಯನ್ ಆತ್ಮಹತ್ಯೆ ಮಾಡಿಕೊಂಡಿದ್ದರು. ಮದರಾಸಿನ ಮುಖ್ಯಸ್ಥ ಸರ್ ಜಾರ್ಜ್ ಅರ್ಬತ್‌ನಾಟ್ ಕಟಕಟೆ ಏರಬೇಕಾಯಿತು. ವಂಚನೆ ಸಾಬೀತಾಗಿ 18 ತಿಂಗಳ ಕಠಿಣ ಸಜೆಯಾಯಿತು. ಆಳುವ ವರ್ಗದ ಗಣ್ಯರೊಬ್ಬರು ಭಾರತೀಯರ ಹಣಕ್ಕೆ ಉತ್ತರ ಹೇಳಬೇಕಾದುದು ಆ ಕಾಲಕ್ಕೆ ಅಪರೂಪದ ಸಂಗತಿ.

ಆದರೆ ಸಜೆಯಿಂದ ಕಳೆದ ಹಣ ಮರಳದು. ಜನರ ಹಣಕ್ಕೆ ಜನರದೇ ಬ್ಯಾಂಕು ಬೇಕೆಂದು ಅಯ್ಯರ್ ಮನಗಂಡರು. ಚೆಟ್ಟಿಯಾರ್ ವರ್ತಕರ ನೆರವು ಪಡೆದರು. ಇಂಡಿಯನ್ ಬ್ಯಾಂಕ್ 1907ರ ಆಗಸ್ಟ್ 15ರಂದು ಕಾರ್ಯಾರಂಭ ಮಾಡಿತು.

1909ರಲ್ಲಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾದ ಅಯ್ಯರ್, 1911ರಲ್ಲಿ ಗವರ್ನರರ ಕಾರ್ಯಾಂಗ ಮಂಡಳಿಯ ಸದಸ್ಯರಾದರು. ಅದೇ ವರ್ಷದ ಡಿಸೆಂಬರಿನಲ್ಲಿ, 48ರ ವಯಸ್ಸಿನಲ್ಲಿ ನಿಧನ ಹೊಂದಿದರು.

ವಂಚನೆಯ ಉದ್ದೇಶದಿಂದ ವ್ಯವಹಾರ ನಡೆಸಿದ ನಿರ್ದೇಶಕರನ್ನು 2016ರ ದಿವಾಳಿ ಸಂಹಿತೆ ವೈಯಕ್ತಿಕವಾಗಿ ಹೊಣೆಯಾಗಿಸುತ್ತದೆ. ಆ ಹೊಣೆಯ ಪ್ರಶ್ನೆ ಶತಮಾನಕ್ಕೂ ಹಿಂದೆ ಮದರಾಸಿನ ನ್ಯಾಯಾಲಯದಲ್ಲೇ ಎದ್ದಿತ್ತು. ಅಯ್ಯರ್ ಕಟ್ಟಿದ ಬ್ಯಾಂಕಂತೂ ಇಂದಿಗೂ ನಡೆಯುತ್ತಿದೆ.