ಧೀರನ್ ಚಿನ್ನಮಲೈ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಮೈಸೂರು ಯುದ್ಧಗಳು ಅಲ್ಲಿಗೆ ಮುಗಿದವೆಂದು ನಾವು ಪಾಠದಲ್ಲಿ ಓದುತ್ತೇವೆ. ಆದರೆ ಅದುವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ ಕೊಯಮತ್ತೂರು ಸೀಮೆಯಲ್ಲಿ ಹೋರಾಟವು ಇನ್ನೂ ಆರು ವರ್ಷ ನಡೆಯಿತು. ಅದನ್ನು ನಡೆಸಿದವನು ಹಿಂದೊಮ್ಮೆ ಮೈಸೂರಿನ ಕಂದಾಯದ ಹಣವನ್ನೇ ದಾರಿಯಲ್ಲಿ ಕಸಿದುಕೊಂಡಿದ್ದ ಧೀರನ್ ಚಿನ್ನಮಲೈ ಎಂಬುದು ಸೋಜಿಗದ ಸಂಗತಿ.

ಈತನ ಹುಟ್ಟುಹೆಸರು ತೀರ್ಥಗಿರಿ. 1756ರಲ್ಲಿ, ಇಂದಿನ ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಬಳಿಯ ಮೇಲಪಾಳೆಯದಲ್ಲಿ ಜನಿಸಿದನು. ಆ ಸೀಮೆಯ ಎತ್ತುಗಳ ಹೆಸರನ್ನು ನಮ್ಮ ರೈತರೂ ಕೇಳಿರುತ್ತಾರೆ. ಎಳೆಯ ವಯಸ್ಸಿನಲ್ಲಿಯೇ ಕುದುರೆ ಸವಾರಿ, ಕತ್ತಿವರಸೆ ಮತ್ತು ತಮಿಳರು ಸಿಲಂಬಂ ಎಂದು ಕರೆಯುವ ದೊಣ್ಣೆವರಸೆಯನ್ನು ಕಲಿತನು. ಆಳೆತ್ತರದ ಬಿದಿರು ಕೋಲನ್ನು ಗಾಳಿಯಲ್ಲಿ ಸುಯ್ಯೆಂದು ತಿರುಗಿಸುವ ಈ ವಿದ್ಯೆಯಲ್ಲಿ ಕೈಗಿಂತಲೂ ಕಾಲಿನ ಹೆಜ್ಜೆಯೇ ಮುಖ್ಯ. ಊರ ಹುಡುಗರನ್ನು ಕೂಡಿಸಿ ಅವರಿಗೂ ಕಲಿಸಿದನು. ಮುಂದೆ ಅವರೇ ಅವನ ಪಡೆಯಾದರು.

ಒಮ್ಮೆ ಮೈಸೂರಿನ ಅಧಿಕಾರಿಗಳು ಕಂದಾಯದ ಹಣವನ್ನು ಒಯ್ಯುತ್ತಿದ್ದಾಗ ತೀರ್ಥಗಿರಿಯು ಅಡ್ಡಗಟ್ಟಿ ಅದನ್ನು ಕಿತ್ತುಕೊಂಡು ಬಡವರಿಗೆ ಹಂಚಿದನಂತೆ. ಹಣವನ್ನು ಕಿತ್ತುಕೊಂಡವರು ಯಾರೆಂದು ಒಡೆಯರು ಕೇಳಿದರೆ, ಚೆನ್ನಿಮಲೆಗೂ ಶಿವನ್‌ಮಲೆಗೂ ನಡುವಿನ ಚಿನ್ನಮಲೆ ಎಂದು ತಿಳಿಸಿರೆಂದು ಹೇಳಿ ಕಳುಹಿಸಿದನಂತೆ. ಇಲ್ಲಿ ಚಿನ್ನವೆಂದರೆ ಬಂಗಾರವಲ್ಲ. ತಮಿಳಿನಲ್ಲಿ ಚಿಕ್ಕದು ಎಂದರ್ಥ. ಆ ಹೆಸರೇ ಉಳಿಯಿತು.

ಕಾಲ ಬದಲಾಯಿತು. ಈಸ್ಟ್ ಇಂಡಿಯಾ ಕಂಪನಿಯ ಬಲ ಹೆಚ್ಚುತ್ತ ಬಂದಂತೆ ಚಿನ್ನಮಲೈ ಹಳೆಯ ಹಗೆಯನ್ನು ಬಿಟ್ಟು ಟಿಪ್ಪುವಿನ ಪಕ್ಷ ಸೇರಿದನು. ಅವನ ಜನ ಫ್ರೆಂಚರಿಂದ ಹೊಸ ಯುದ್ಧಕ್ರಮವನ್ನು ಕಲಿತರು. ಟಿಪ್ಪು ಮಡಿದ ಮೇಲೆ ಅನೇಕರು ಕಂಪನಿಗೆ ಶರಣಾದರು. ಚಿನ್ನಮಲೈ ಮಾತ್ರ ಊರ ಕಡೆಗೆ ಹಿಂದಿರುಗಿ ಓಡಾನಿಲೈ ಎಂಬಲ್ಲಿ ಕೋಟೆ ಕಟ್ಟಿದನು. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದು ಸೇನೆ ಕಟ್ಟುತ್ತಿದ್ದ ನಮ್ಮ ಚನ್ನಗಿರಿಯ ಧೋಂಡಿಯ ವಾಘನೊಡನೆ ಸಂಪರ್ಕ ಬೆಳೆಸಿದನು. 1800ರ ಜೂನ್ 3ರಂದು ಕೊಯಮತ್ತೂರಿನ ಕಂಪನಿ ಪಡೆಯ ಮೇಲೆ ದಾಳಿ ನಡೆಯಿತು. ಅದು ಫಲಿಸಲಿಲ್ಲ. ಸಿಕ್ಕಿಬಿದ್ದ ಅನೇಕರು ಗಲ್ಲಿಗೇರಿದರು. ಸೆಪ್ಟೆಂಬರಿನಲ್ಲಿ ಧೋಂಡಿಯನೂ ಯುದ್ಧದಲ್ಲಿ ಸತ್ತನು.

ಆದರೂ ಚಿನ್ನಮಲೈ ಕುಗ್ಗಲಿಲ್ಲ. 1801ರಲ್ಲಿ ಕಾವೇರಿ ತೀರದಲ್ಲಿ, 1802ರಲ್ಲಿ ಓಡಾನಿಲೈಯಲ್ಲಿ, 1804ರಲ್ಲಿ ಅರಚಲೂರಿನಲ್ಲಿ ಕಂಪನಿಯ ಪಡೆಗಳನ್ನು ಎದುರಿಸಿ ಗೆದ್ದನೆಂದು ಆ ನಾಡಿನ ಜನ ಇಂದಿಗೂ ಹೇಳುತ್ತಾರೆ. ಕೊನೆಗೆ ಕಂಪನಿಯವರು ಫಿರಂಗಿಗಳನ್ನು ತಂದು ಓಡಾನಿಲೈಯನ್ನು ಮುತ್ತಲು ಹೊರಟರು. ಅವರ ಪಾಳೆಯದಲ್ಲಿದ್ದ ವೇಲಪ್ಪನ್ ಎಂಬ ಹಳೆಯ ಸಂಗಡಿಗನು ಚಪ್ಪಲಿಯೊಳಗೆ ಚೀಟಿ ಅಡಗಿಸಿ ಮುನ್ಸೂಚನೆ ಕಳುಹಿಸಿದನೆಂದೂ, ಆ ಗುಟ್ಟು ಬಯಲಾಗಿ ಅವನು ಪ್ರಾಣ ಕಳೆದುಕೊಂಡನೆಂದೂ ಕಥೆಯಿದೆ. ಚಿನ್ನಮಲೈ ತಪ್ಪಿಸಿಕೊಂಡನು. ಬರಿದಾದ ಕೋಟೆಯನ್ನು ಕಂಪನಿಯವರು ನೆಲಸಮ ಮಾಡಿದರು.

ಪಳನಿ ಕಡೆಯ ಬೆಟ್ಟಗಳಲ್ಲಿ ಅಡಗಿದ್ದಾಗ ಅವನ ಸುಳಿವು ಕೊಟ್ಟವನು ಸ್ವಂತ ಅಡುಗೆಯವನೇ ಎನ್ನುತ್ತಾರೆ. ದೊಣ್ಣೆವರಸೆ ಬಲ್ಲವನು ಎದುರಾಳಿಯ ಹೆಜ್ಜೆಯ ಮೇಲೆ ಕಣ್ಣಿಟ್ಟಿರುತ್ತಾನೆ. ಅನ್ನ ಬಡಿಸುವವನ ಮೇಲೆ ಯಾರು ತಾನೇ ಕಣ್ಣಿಟ್ಟಾರು? ಅವನನ್ನೂ ಅವನ ಸಹೋದರರನ್ನೂ ಸೆರೆಹಿಡಿದು ಸೇಲಂ ಸೀಮೆಯ ಸಂಕಗಿರಿ ದುರ್ಗಕ್ಕೆ ಒಯ್ದರು. 1805ರ ಜುಲೈ 31ರಂದು ಅಲ್ಲಿಯೇ ಗಲ್ಲಿಗೇರಿಸಿದರು.

ಆ ನಾಡಿನ ಜನ ಆ ದಿನವನ್ನು ಇಂಗ್ಲಿಷ್ ತಾರೀಕಿನಿಂದ ಎಣಿಸುವುದಿಲ್ಲ. ಕಾವೇರಿಗೆ ಹೊಸ ನೀರು ಬರುವ ಆಡಿ ತಿಂಗಳ 18ನೆಯ ದಿನದ ಹಬ್ಬದಂದೇ ಸಂಕಗಿರಿಯಲ್ಲಿಯೂ ಓಡಾನಿಲೈಯ ಸ್ಮಾರಕದ ಬಳಿಯೂ ಸೇರಿ ಅವನಿಗೆ ಹೂ ಅರ್ಪಿಸುತ್ತಾರೆ.