ಮೇರಿ ವರ್ಟ್ಲಿ ಮಾಂಟೆಗ್ಯೂ ದೊರಸಾನಿಯ ಚರಿತ್ರೆ

ಸಿಡುಬೆಂಬ ಘೋರವ್ಯಾಧಿಯು ಲೋಕದಿಂದ ನಿರ್ಮೂಲವಾಯಿತೆಂದು 1980ರಲ್ಲಿ ಸಾರಲ್ಪಟ್ಟಿತು. ಆ ಜಯಕ್ಕೆ ಬಹುಕಾಲ ಮುಂಚೆ ದಾರಿ ತೋರಿಸಿದವರಲ್ಲಿ ಒಬ್ಬ ಸ್ತ್ರೀಯೂ ಇದ್ದಳೆಂಬದನ್ನು ನಮ್ಮಲ್ಲಿ ಅನೇಕರು ಅರಿಯರು. ಆಕೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಮೇರಿಯು 1689ರಲ್ಲಿ ಇಂಗ್ಲೆಂಡಿನ ಒಂದು ಪ್ರಭುಮನೆತನದಲ್ಲಿ ಹುಟ್ಟಿದಳು. ಚಿಕ್ಕಂದಿನಲ್ಲಿಯೇ ತಾಯಿಯನ್ನು ಕಳಕೊಂಡ ಈಕೆಯು ತಂದೆಯ ಪುಸ್ತಕಶಾಲೆಯಲ್ಲಿ ಕೂತು, ತಾನಾಗಿಯೇ ಲತೀನ್ ಭಾಷೆಯನ್ನು ಕಲಿತಳು. ತಂದೆಯು ಗೊತ್ತುಮಾಡಿದ ವರನನ್ನು ಒಲ್ಲದೆ, 1712ರಲ್ಲಿ ಎಡ್ವರ್ಡ್ ವರ್ಟ್ಲಿ ಮಾಂಟೆಗ್ಯೂ ಎಂಬವನನ್ನು ಗುಟ್ಟಾಗಿ ಮದುವೆಯಾದಳು. ಮರುವರುಷ ಆಕೆಯ ಒಬ್ಬನೇ ತಮ್ಮನು ಸಿಡುಬಿನಿಂದ ಸತ್ತನು. 1715ರಲ್ಲಿ ಅದೇ ಬೇನೆಯು ಆಕೆಗೂ ತಗಲಿತು. ಪ್ರಾಣವುಳಿದರೂ ಮುಖದಲ್ಲಿ ಕಲೆಗಳು ನಿಂತವು, ರೆಪ್ಪೆಯ ಕೂದಲುಗಳು ಉದುರಿಹೋದವು.

1716ರಲ್ಲಿ ಗಂಡನು ತುರ್ಕರ ಸುಲ್ತಾನನ ಬಳಿಗೆ ರಾಯಭಾರಿಯಾಗಿ ನೇಮಿಸಲ್ಪಡಲು, ಆಕೆಯೂ ಹೊರಟು ವಿಯೆನ್ನಾ, ಬೆಲ್‌ಗ್ರೇಡ್ ಮಾರ್ಗವಾಗಿ ಕೊನ್‌ಸ್ತಾಂತಿನೋಪಲಿಗೆ ಹೋದಳು. ಪರಪುರುಷರು ಕಾಲಿಡಲಾಗದ ಅಂತಃಪುರಗಳನ್ನೂ ಸ್ನಾನಗೃಹಗಳನ್ನೂ ಹೊಕ್ಕು, ಅಲ್ಲಿನ ಸ್ತ್ರೀಯರ ನಡೆನುಡಿಗಳನ್ನು ಪತ್ರಗಳಲ್ಲಿ ಬರೆದಳು. ಹಿಂದಿನ ಪ್ರಯಾಣಿಕರು ನೋಡದೆ ಬರೆದ ತಪ್ಪುಗಳನ್ನು ತಿದ್ದಿದಳು.

ಅಲ್ಲಿ ಮುದುಕಿಯರು ಸಿಡುಬಿನ ಕೀವನ್ನು ಸೂಜಿಯಿಂದ ಮಕ್ಕಳ ಮೈಯಲ್ಲಿ ಸೇರಿಸಿ, ಅಲ್ಪ ಬೇನೆಯನ್ನು ಬರಿಸಿ, ದೊಡ್ಡ ಬೇನೆಯಿಂದ ತಪ್ಪಿಸುವದನ್ನು ಕಂಡಳು. 1718ರಲ್ಲಿ ತನ್ನ ಮಗನಿಗೂ ಹಾಗೆ ಮಾಡಿಸಿದಳು. ಎಳೆಗೂಸಾದ ಮಗಳಿಗೆ ಮಾತ್ರ ಮಾಡಿಸಲಿಲ್ಲ. ಯಾಕಂದರೆ ದಾದಿಗೆ ಸಿಡುಬು ಬಂದಿರಲಿಲ್ಲ, ಕೂಸಿನಿಂದ ಅವಳಿಗೆ ತಗಲೀತೆಂಬ ಭಯವಿತ್ತು.

1721ರಲ್ಲಿ ಲಂಡನಿನಲ್ಲಿ ಸಿಡುಬು ಹಬ್ಬಿದಾಗ, ಮೇಟ್‌ಲ್ಯಾಂಡ್ ಎಂಬ ವೈದ್ಯನಿಂದ ಮಗಳಿಗೂ ಮೈಲಿ ಹಾಕಿಸಿದಳು. ವೈದ್ಯರಲ್ಲಿ ಹಲವರು ನಿಂದಿಸಿದರು. 1722ರಲ್ಲಿ ಒಬ್ಬ ಬೋಧಕನು ಪ್ರಸಂಗಪೀಠದಿಂದಲೇ ಇದು ಪಾಪವೆಂದು ಸಾರಿದನು. ಆದರೂ ಯುವರಾಜನ ಪತ್ನಿ ಕ್ಯಾರೊಲೈನಳು ಅದೇ ವರುಷ ತನ್ನ ಇಬ್ಬರು ಕುಮಾರಿಯರಿಗೆ ಹಾಕಿಸಲು, ಜನರ ಅಂಜಿಕೆಯು ಕಡಿಮೆಯಾಗತೊಡಗಿತು.

ಈ ಉಪಾಯವು ಅಪಾಯವಿಲ್ಲದ್ದಾಗಿರಲಿಲ್ಲ. ಕೆಲವರು ಇದರಿಂದಲೇ ಸತ್ತರು. ಆದರೆ ತಾನಾಗಿ ಬಂದ ಸಿಡುಬಿನಿಂದ ಸಾಯುವವರು ಎಷ್ಟೋ ಹೆಚ್ಚು. 1796ರಲ್ಲಿ ಗೋವಿನ ಮೈಲಿಯಿಂದ ಇನ್ನೂ ಕ್ಷೇಮವಾದ ಮಾರ್ಗವನ್ನು ತೋರಿಸಿದ ಜೆನ್ನರನು ಸಹ ಬಾಲ್ಯದಲ್ಲಿ ಈ ಹಳೇ ರೀತಿಯಲ್ಲಿ ಮೈಲಿ ಹಾಕಿಸಿಕೊಂಡವನೇ.

ಮೇರಿಯ ಜೀವಿತವು ಲೋಪವಿಲ್ಲದ್ದೆಂದು ನಾವು ಹೇಳುವದಿಲ್ಲ. 1739ರಲ್ಲಿ ಗಂಡನನ್ನು ಬಿಟ್ಟು ಹೊರಟು, ಇತಾಲ್ಯ ಫ್ರಾನ್ಸ್ ದೇಶಗಳಲ್ಲಿ ಬಹುವರುಷ ವಾಸಿಸಿದಳು. 1762ರಲ್ಲಿ ಲಂಡನಿಗೆ ತಿರಿಗಿ ಬಂದು ಅದೇ ವರುಷ ತೀರಿಕೊಂಡಳು. ಆಕೆಯ ಪ್ರಯಾಣಪತ್ರಗಳು ಮರುವರುಷ ಅಚ್ಚಾದವು.

ಪ್ರಭುಕುಲದ ಈಕೆಯು ಪರದೇಶದ ಮುದುಕಿಯರಿಂದ ಕಲಿಯಲು ನಾಚಲಿಲ್ಲ. ಕಲಿತದ್ದನ್ನು ಮೊದಲು ಸ್ವಂತ ಮಕ್ಕಳಿಗೆ ಮಾಡಿಸಿ, ಬಳಿಕವೇ ಪರರಿಗೆ ಹೇಳಿದಳು. ಚುಚ್ಚುಮದ್ದಿನವರು ನಮ್ಮ ಬಾಗಲಿಗೆ ಬಂದು, ನಾವು ಮಕ್ಕಳನ್ನು ಸೆರಗಿನಲ್ಲಿ ಮರೆಮಾಡುವಾಗ, ಈ ತಾಯಿಯನ್ನು ನೆನಸೋಣ.