ಮೆಚ್ನಿಕಾಫ್ ಅರ್ಧ ಗೆದ್ದ ಜಗಳ

ಇಲ್ಯಾ ಮೆಚ್ನಿಕಾಫ್ ಹೆಸರು ಗೊತ್ತಿರುವವರಿಗೆ ಮೊದಲು ನೆನಪಾಗೋದು ಮೊಸರು. ಅದನ್ನು ತಿಂದರೆ ಆಯಸ್ಸು ಹೆಚ್ಚುತ್ತೆ ಅಂತ ಕೊನೆಗಾಲದಲ್ಲಿ ನಂಬಿದ್ದ ವಿಜ್ಞಾನಿ. ನನಗೆ ಮಾತ್ರ ಆತ ಹತ್ತಿರವಾಗೋದು ಒಂದು ಜಗಳದಿಂದ.

1845ರಲ್ಲಿ ಹಾರ್ಕಿವ್ ಬಳಿ ಹುಟ್ಟಿದ. ಕ್ಷಯ ಹಿಡಿದಿದ್ದ ಮೊದಲ ಹೆಂಡತಿ 1873ರಲ್ಲಿ ತೀರಿಕೊಂಡಾಗ ಮಾರ್ಫಿನ್ ನುಂಗಿದ, ವಾಂತಿಯಾಗಿ ಬದುಕಿದ. 1881ರಲ್ಲಿ ರಷ್ಯಾದ ಝಾರ್ ಕೊಲೆಯಾದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ಉಸಿರುಗಟ್ಟುವ ವಾತಾವರಣ. ಮರುವರ್ಷ ಒಡೆಸ್ಸಾದ ಪ್ರಾಧ್ಯಾಪಕ ಹುದ್ದೆ ಬಿಟ್ಟು ಸಿಸಿಲಿಯ ಮೆಸ್ಸಿನಾಕ್ಕೆ ಹೋದ. ಮನೆಯವರೆಲ್ಲ ಸರ್ಕಸ್‌ಗೆ ಹೋಗಿದ್ದ ಒಂದು ದಿನ, ಸೂಕ್ಷ್ಮದರ್ಶಕದ ಮುಂದೆ ಕೂತಿದ್ದವನಿಗೆ ಏನೋ ಹೊಳೀತು. ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಗುಲಾಬಿ ಮುಳ್ಳು ಚುಚ್ಚಿದ. ಬೆಳಗ್ಗೆ ನೋಡಿದ್ರೆ ಮೈಯೊಳಗೆ ಅಲೆದಾಡುವ ಕೋಶಗಳು ಮುಳ್ಳನ್ನು ಮುತ್ತಿಕೊಂಡಿವೆ!

ಹೊರಗಿನದ್ದನ್ನು ನುಂಗಿಹಾಕುವ ಈ ಭಕ್ಷಕ ಕೋಶಗಳೇ ನಮ್ಮ ರಕ್ಷಣೆ ಅನ್ನೋದು ಆತನ ವಾದ. (ಇಂಗ್ಲಿಷಿನಲ್ಲಿ ಇವಕ್ಕೆ ಸ್ಕ್ಯಾವೆಂಜರ್ ಅಂತಾರೆ. ನಾನು ಪೌರಕಾರ್ಮಿಕ ಕೋಶ ಅಂತೀನಿ.)

1888ರಲ್ಲಿ ಆತ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದ. ಅದೇ ವರ್ಷ ಅಲ್ಲೇ ರೂ ಮತ್ತು ಯೆರ್ಸಿನ್, ಡಿಫ್ತೀರಿಯಾ ಬ್ಯಾಕ್ಟೀರಿಯಾಗಳನ್ನು ಸೋಸಿ ತೆಗೆದ ದ್ರವವೂ ಪ್ರಾಣಿಗಳನ್ನು ಕೊಲ್ಲುತ್ತೆ ಅಂತ ತೋರಿಸಿದರು. 1890ರಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ, ಅಂಥ ವಿಷ ಮುರಿಯುವ ಶಕ್ತಿ ರಕ್ತದ ಸೀರಮ್‌ನಲ್ಲಿದೆ ಅಂದರು. ರಕ್ಷಣೆ ಕೋಶದ್ದಾ, ಸೀರಮ್‌ನದ್ದಾ? ಎರಡು ಬಣವಾಯಿತು. ಫ್ರಾನ್ಸ್-ಜರ್ಮನಿ ದ್ವೇಷವೂ ಅದಕ್ಕೆ ತುಪ್ಪ ಸುರಿಯಿತು.

ಉತ್ತರದ ಸುಳಿವು ಆತನ ಕಣ್ಣೆದುರೇ ಇತ್ತು. ನಮ್ಮ ಕಡೆ ನೆರಡಿ ರೋಗ ಅನ್ನುವ ಆಂಥ್ರಾಕ್ಸ್ ಮೇಲೆ 1884ರಲ್ಲೇ ಕೆಲಸ ಮಾಡಿದ್ದ. ದುರ್ಬಲಗೊಳಿಸಿದ ಬ್ಯಾಕ್ಟೀರಿಯಾಗಳನ್ನು ಕೋಶಗಳು ನುಂಗುತ್ತಿದ್ದವು, ಉಗ್ರವಾದವನ್ನು ಹೆಚ್ಚಾಗಿ ಬಿಟ್ಟುಬಿಡುತ್ತಿದ್ದವು. ಯಾಕೆ ಅನ್ನೋದು ಈಗ ಸಾಕಷ್ಟು ಗೊತ್ತಾಗಿದೆ. ಉಗ್ರ ಬ್ಯಾಕ್ಟೀರಿಯಾಗೆ ನುಂಗಲು ಬಿಡದ ಒಂದು ಕವಚವಿದೆ. ಜೊತೆಗೆ ವಿಷಗಳು. ಒಂದು ವಿಷ ಭಕ್ಷಕ ಕೋಶದೊಳಗೆ ನುಗ್ಗಿ ಸಂದೇಶ ಸಾಗಿಸುವ ಪ್ರೋಟೀನನ್ನೇ ಕತ್ತರಿಸುತ್ತೆ. ಇನ್ನೊಂದು, ನುಂಗುವ ಶಕ್ತಿಯನ್ನೇ ಕುಗ್ಗಿಸುತ್ತೆ. ಕೆಲವು ತಳಿಯ ಇಲಿಗಳಲ್ಲಿ ಈ ಕೋಶಗಳು ಒಂದೆರಡು ಗಂಟೆಯಲ್ಲೇ ಸಾಯುತ್ತವೆ. ಅಂದರೆ ದಾಳಿ ಮೊದಲು ನಡೆಯೋದು ಕಾವಲುಗಾರರ ಮೇಲೆಯೇ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾ ಕೊಂದರೂ ಸುರಿದ ವಿಷ ಉಳಿಯುತ್ತೆ. ಅದನ್ನು ಕಟ್ಟಿಹಾಕಿ ಮೆಚ್ನಿಕಾಫ್‌ನ ಕೋಶಗಳನ್ನು ಉಳಿಸೋದು ಎದುರು ಬಣದವರ ಆಂಟಿಬಾಡಿ!

1908ರ ನೊಬೆಲ್ ಅನ್ನು ಆತನಿಗೂ ಎದುರು ಬಣದ ಪಾಲ್ ಎರ್ಲಿಕ್‌ಗೂ ಹಂಚಿದರು. ಫ್ರಾನ್ಸ್, ಜರ್ಮನಿ ಯುದ್ಧದಲ್ಲಿದ್ದ 1916ರಲ್ಲಿ ಮೆಚ್ನಿಕಾಫ್ ಪ್ಯಾರಿಸ್‌ನಲ್ಲಿ ತೀರಿಕೊಂಡ. ಚಿತಾಭಸ್ಮ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿದೆ, ಪುಸ್ತಕಗಳ ನಡುವೆ.